ಎರಡು ತಿಂಗಳ ಮರಿ ತರಬೇಕೋ, ಐದು ತಿಂಗಳದ್ದೋ?

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗನೊಬ್ಬ ಕಳೆದ ತಿಂಗಳು ಫೋನ್ ಮಾಡಿದ. "ಕಾಕೂ, ಬ್ರೀಡರ್ ಹತ್ತಿರ ಎರಡು ಲ್ಯಾಬ್ರಡಾರ್ ಮರಿಗಳಿವೆ. ಒಂದಕ್ಕೆ ಎರಡು ತಿಂಗಳು, ಇನ್ನೊಂದಕ್ಕೆ ಐದು. ದೊಡ್ಡದನ್ನು ಅರ್ಧ ಬೆಲೆಗೆ ಕೊಡುತ್ತಾರಂತೆ. ಯಾವುದನ್ನು ತರಲಿ?" ನಾನು ಕೇಳಿದೆ: "ಮಧ್ಯಾಹ್ನ ಹನ್ನೆರಡಕ್ಕೆ ನಿನ್ನ ಮನೆಯಲ್ಲಿ ಯಾರಿರುತ್ತಾರೆ?" ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋಗುವವರು. ಸ್ವಲ್ಪ ಹೊತ್ತು ಅವನಿಂದ ಉತ್ತರ ಬರಲಿಲ್ಲ.

ನಾನು ಜಮಖಂಡಿಯವಳು. ಪುಣೆಯ ಕೋಥರೂಡಿನಲ್ಲಿ ನಾಲ್ಕನೆಯ ಮಹಡಿಯ ಫ್ಲಾಟಿನಲ್ಲಿ 26 ವರ್ಷಗಳಿಂದ ಇದ್ದೇನೆ. ಈ ಮನೆಯಲ್ಲಿ ಎರಡು ನಾಯಿಗಳು ಬೆಳೆದಿವೆ. ಮೊದಲನೆಯವಳು ಚಿನ್ನು, ಲ್ಯಾಬ್ರಡಾರ್. ತೀರಾ ಎಳೆಯದರಲ್ಲಿ ಬಂದವಳು. ಎರಡನೆಯವನು ಬಾಣ, ಮುಧೋಳ ನಾಯಿ. ಐದು ತಿಂಗಳು ತುಂಬಿದ ಮೇಲೆ ಬಂದವನು. ಚಿನ್ನು ಹನ್ನೆರಡು ವರ್ಷ ಬದುಕಿ ಹೋದಳು. ಬಾಣ ಇದನ್ನು ಬರೆಯುವಾಗ ನನ್ನ ಕಾಲ ಬಳಿ ಮಲಗಿದ್ದಾನೆ. ಇಬ್ಬರನ್ನೂ ತರುವಾಗ ನಾನು ವಯಸ್ಸನ್ನಷ್ಟೇ ನೋಡಿದ್ದೆ. ನೋಡಬೇಕಾದದ್ದು ಬೇರೆಯೇ ಇತ್ತು: ಮರಿಯ ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗಿನ ದಿನಗಳು ಎಲ್ಲಿ, ಯಾರ ನಡುವೆ ಕಳೆದಿವೆ, ಮತ್ತು ನಮ್ಮ ಮನೆಯಲ್ಲಿ ಹಗಲು ಹೊತ್ತು ಹೇಗಿರುತ್ತದೆ.

ಆ ವಾರಗಳ ವಿಷಯ ಮೊದಲು ಹೇಳುತ್ತೇನೆ. ನಾಯಿಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುವುದು ಆಗಲೇ. ಆಗ ಕಂಡ ಮನುಷ್ಯರು, ಮಕ್ಕಳು, ಕುಕ್ಕರಿನ ಸೀಟಿ, ಮಿಕ್ಸರ್, ಲಿಫ್ಟು, ಆಟೋರಿಕ್ಷಾ ಎಲ್ಲವೂ ಅದಕ್ಕೆ ಲೋಕದ ಸಹಜ ಭಾಗವಾಗುತ್ತವೆ. ಆಗ ಕಾಣದೇ ಉಳಿದದ್ದನ್ನು ಮುಂದೆ ಕಲಿಸಬಹುದು. ಆದರೆ ಒಂದು ದಿನದಲ್ಲಿ ಆಗುತ್ತಿದ್ದ ಕೆಲಸಕ್ಕೆ ಒಂದು ತಿಂಗಳು ಹಿಡಿಯುತ್ತದೆ. ಇದೇ ಅವಧಿಯ ಮೊದಲರ್ಧದಲ್ಲಿ ಮರಿ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಇರಲೇಬೇಕು. ಆಟದಲ್ಲಿ ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ, ತಾಯಿ ಗದರುತ್ತದೆ. ಹಲ್ಲಿನ ಬಲ ಎಷ್ಟು, ಅದನ್ನು ಎಲ್ಲಿ ತಡೆಯಬೇಕು ಎಂಬ ಪಾಠ ಅಲ್ಲೇ ಆಗಬೇಕು. ಮನುಷ್ಯರು ಎಷ್ಟು ಶ್ರಮಪಟ್ಟರೂ ಅಷ್ಟು ಚೆನ್ನಾಗಿ ಕಲಿಸಲಾರರು.

ಚಿನ್ನುಗೆ ಆ ಪಾಠ ಸಿಕ್ಕಿರಲಿಲ್ಲ. "ಎರಡು ತಿಂಗಳಾಗಿದೆ, ಲಸಿಕೆ ಆಗಿದೆ" ಎಂದು ಹೇಳಿ ಒಬ್ಬ ಮಾರಾಟಗಾರ ಅವಳನ್ನು ನನ್ನ ಕೈಗಿತ್ತಿದ್ದ. ತಾಯಿಯನ್ನು ತೋರಿಸಿ ಎಂದಾಗ ಊರಲ್ಲಿದೆ ಎಂದ. ನಾಲ್ಕನೆಯ ದಿನ ವಾಂತಿ, ಐದನೆಯ ದಿನ ರಕ್ತದ ಭೇದಿ. ಪಾರ್ವೊ ಎಂಬ ವೈರಸ್ ರೋಗ. ಅವಳ ಬಾಯಿ ತೆರೆದು ನೋಡಿದ ಪಶುವೈದ್ಯರು, ಹಿಂದಿನ ಹಾಲುಹಲ್ಲುಗಳು ಇನ್ನೂ ಪೂರ್ತಿ ಮೂಡಿಲ್ಲ, ಐದು ವಾರಕ್ಕಿಂತ ಹೆಚ್ಚಿಲ್ಲ ಎಂದರು. ಲಸಿಕೆ ಪುಸ್ತಕದಲ್ಲಿ ಮುದ್ರೆ ಇತ್ತು, ಲಸಿಕೆಯ ಸೀಸೆಯಿಂದ ತೆಗೆದು ಅಂಟಿಸುವ ಚೀಟಿ ಇರಲಿಲ್ಲ. ನಾಲ್ಕು ದಿನ ಸಲೈನ್ ಹಾಕಿ ಉಳಿಸಿಕೊಂಡೆವು. ಆದರೆ ಮುಂದಿನ ಎಂಟು ತಿಂಗಳು ಅವಳ ಹಲ್ಲಿನ ಗುರುತಿಲ್ಲದ ಕೈ ನಮ್ಮ ಮನೆಯಲ್ಲಿ ಇರಲಿಲ್ಲ. ಅತ್ತೆಯವರು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಚಿಕ್ಕ ಗೀರು ಬಿದ್ದರೂ ರಕ್ತ ನಿಲ್ಲುತ್ತಿರಲಿಲ್ಲ. ಪಾಪ, ಅವರು ಸೋಫಾದ ಮೇಲೆ ಕಾಲು ಮಡಚಿಕೊಂಡೇ ಕುಳಿತಿರುತ್ತಿದ್ದರು.

ಆದ್ದರಿಂದ ಎಳೆಯ ಮರಿ ಎಂದರೆ ಕನಿಷ್ಠ ಎಂಟು ವಾರ ತುಂಬಿದ ಮರಿ. ಕಾನೂನೂ ಅದನ್ನೇ ಹೇಳುತ್ತದೆ. ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟಕ್ಕೆ 2017ರಲ್ಲಿ ನಿಯಮಗಳು ಬಂದಿವೆ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರಕ್ಕಿಂತ ಎಳೆಯ ಮರಿಯನ್ನು ಮಾರಬಾರದು, ಮಾರುವ ಮೊದಲು ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿರಬೇಕು. ಆರು ತಿಂಗಳು ದಾಟಿದ ನಾಯಿಯನ್ನು ಸಾಕುವವರಿಗೆ ಮಾರುವುದಾದರೆ ಸಂತಾನಹರಣ ಆಗಿರಬೇಕು. ದೊಡ್ಡ ಮರಿ ತರುವವರು ಈ ಕೊನೆಯ ಮಾತನ್ನು ವಿಶೇಷವಾಗಿ ನೆನಪಿಡಿ. ನೋಂದಣಿ ಪತ್ರ ಕೇಳಲು ಸಂಕೋಚ ಬೇಡ. ತಳಿ ನಾಯಿಗಳನ್ನು ದಾಖಲಿಸುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಪತ್ರ ಬೇರೆ, ಇದು ಬೇರೆ. ವಂಶಾವಳಿ ಪತ್ರ ಅಪ್ಪ ಅಮ್ಮ ಯಾರೆಂದು ಹೇಳುತ್ತದೆ, ಮರಿ ಆರೋಗ್ಯವಾಗಿದೆ ಎಂದು ಹೇಳುವುದಿಲ್ಲ.

ವಯಸ್ಸನ್ನು ಮಾತಿನ ಮೇಲೆ ನಂಬಬೇಡಿ, ಹಲ್ಲು ನೋಡಿ. ಎಂಟು ವಾರದ ಮರಿಗೆ ಸೂಜಿಯಂಥ ಹಾಲುಹಲ್ಲುಗಳಿರುತ್ತವೆ. ಪೂರ್ತಿ ಮೂಡಿದಾಗ 28. ಮೂರೂವರೆ ನಾಲ್ಕು ತಿಂಗಳ ಸುಮಾರಿಗೆ ಮುಂದಿನ ಬಾಚಿಹಲ್ಲುಗಳು ಬಿದ್ದು ಅಗಲವಾದ ಹೊಸ ಹಲ್ಲು ಬರತೊಡಗುತ್ತವೆ. ಕೋರೆಹಲ್ಲು ಬದಲಾಗುವುದು ಐದು ಆರು ತಿಂಗಳಿಗೆ. ಏಳು ತಿಂಗಳ ಹೊತ್ತಿಗೆ ಶಾಶ್ವತ ಹಲ್ಲು 42 ಇರುತ್ತವೆ. "ಐದು ತಿಂಗಳು" ಎಂದು ಹೇಳಿದ ಮರಿಯ ಬಾಯಲ್ಲಿ ಬಲಿತ ಕೋರೆಹಲ್ಲುಗಳಿದ್ದರೆ, ಅದು ಅಲ್ಲಿ ಎಷ್ಟು ಕಾಲದಿಂದ ಕುಳಿತಿದೆ ಎಂದು ಕೇಳಿ.

ಎಳೆಯ ಮರಿ ಏನು ಬೇಡುತ್ತದೆ ಎಂದು ಲೆಕ್ಕ ಹಾಕೋಣ. ಮರಿಯ ವಯಸ್ಸಿನ ಒಂದೊಂದು ತಿಂಗಳಿಗೆ ಒಂದೊಂದು ಗಂಟೆ ಎಂಬುದು ಮೂತ್ರ ತಡೆಯುವ ಸ್ಥೂಲ ಅಳತೆ. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಗಂಟೆ ತಡೆದರೆ ಅದೇ ದೊಡ್ಡದು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಒಯ್ಯಬೇಕು. ದಿನಕ್ಕೆ ನಾಲ್ಕು ಊಟ. ರಾತ್ರಿ ಎರಡು ಸಲ ಏಳಬೇಕು. ನಾಲ್ಕನೆಯ ಮಹಡಿಯಿಂದ ಲಿಫ್ಟ್ ಕರೆದು ಕೆಳಗಿಳಿಯುವಷ್ಟರಲ್ಲಿ ಕೆಲಸ ಮುಗಿದೇ ಹೋಗಿರುತ್ತದೆ, ಆದ್ದರಿಂದ ಮೊದಲ ತಿಂಗಳು ಬಾಲ್ಕನಿಯಲ್ಲಿ ಹುಲ್ಲಿನ ತಟ್ಟೆಯೋ ಹಳೆಯ ಪತ್ರಿಕೆಯೋ ಬೇಕು. ನಯವಾದ ಟೈಲ್ಸ್ ಮೇಲೆ ಓಡಾಡುವ ಜಾಗದಲ್ಲಿ ರಬ್ಬರ್ ಚಾಪೆ ಹಾಸಿ. ಬೆಳೆಯುವ ಕೀಲುಗಳಿಗೆ ಜಾರುವುದು ಒಳ್ಳೆಯದಲ್ಲ, ಮನೆಯ ಹಿರಿಯರ ಮೊಣಕಾಲಿಗೂ ಅಲ್ಲ.

ಲಸಿಕೆಯ ಸರಣಿ ಮುಗಿಯುವವರೆಗೆ ಬೀದಿಯ ನೆಲಕ್ಕೆ ಇಳಿಸುವಂತಿಲ್ಲ. ಯಾಕೆ ಒಂದೇ ಚುಚ್ಚುಮದ್ದು ಸಾಲದು ಎಂದು ಬಹಳ ಜನ ಕೇಳುತ್ತಾರೆ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನು ಅದು ತಡೆಯುತ್ತದೆ. ಆ ರಕ್ಷಣೆ ಯಾವ ವಾರ ಕರಗುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರನೆಯ ವಾರದವರೆಗೆ ಹಾಕುತ್ತಾರೆ. ರೇಬೀಸ್ ಲಸಿಕೆ ಮೂರು ತಿಂಗಳ ಸುಮಾರಿಗೆ. ಪುಣೆ ಮುಂಬಯಿಗಳ ಮಳೆಗಾಲದಲ್ಲಿ ನಿಂತ ನೀರಿಗೆ ಇಲಿಯ ಮೂತ್ರ ಸೇರುತ್ತದೆ; ಇಲಿಜ್ವರದ ಲಸಿಕೆಯ ಬಗ್ಗೆ ವೈದ್ಯರನ್ನು ಮರೆಯದೆ ಕೇಳಿ.

ಇಲ್ಲಿ ಒಂದು ಇಕ್ಕಟ್ಟಿದೆ. ಲಸಿಕೆ ಮುಗಿಯುವುದು ಹದಿನಾರನೆಯ ವಾರಕ್ಕೆ, ಮನಸ್ಸಿನ ಬಾಗಿಲು ಮುಚ್ಚುತ್ತ ಬರುವುದು ಹದಿನಾಲ್ಕಕ್ಕೆ. ಹಾಗೆಂದು ಮರಿಯನ್ನು ಮನೆಯೊಳಗೇ ಕೂಡಿಹಾಕಿದರೆ ರೋಗ ತಪ್ಪುತ್ತದೆ, ಅಂಜಿಕೆ ಉಳಿಯುತ್ತದೆ. ಎತ್ತಿಕೊಂಡು ಹೋಗಿ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಂತೆ ತೋರಿಸುವಂತೆ ತೋರಿಸಿ. ಪೌಡ್ ರಸ್ತೆಯ ಪಕ್ಕ ಹತ್ತು ನಿಮಿಷ ನಿಲ್ಲಿ, ಬಸ್ಸು ಹೋಗಲಿ, ತರಕಾರಿಯವನು ಕೂಗಲಿ. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಕೋಲೂರಿ ನಡೆಯುವ ಅಜ್ಜ, ಶಾಲೆ ಬಿಟ್ಟು ಬರುವ ಮಕ್ಕಳು, ಎಲ್ಲರನ್ನೂ ದೂರದಿಂದ ನೋಡಲಿ. ಲಸಿಕೆ ಆದ, ನಿಮಗೆ ಗೊತ್ತಿರುವ ನಾಯಿಯ ಮನೆಗೆ ಕರೆದೊಯ್ಯಿರಿ. ಈ ಆರು ವಾರ ದಿನಕ್ಕೊಂದು ಹೊಸ ಅನುಭವ ಕೊಡುವ ಪುರಸತ್ತು ನಿಮಗಿದ್ದರೆ ಎಳೆಯ ಮರಿಯೇ ತನ್ನಿ. ಆ ಕೆಲಸವನ್ನು ನಿಮ್ಮಷ್ಟು ಅಕ್ಕರೆಯಿಂದ ಮಾಡುವ ಬ್ರೀಡರ್ ಸಿಗುವುದು ಅಪರೂಪ. ಪುರಸತ್ತಿಲ್ಲದಿದ್ದರೆ, ಎಳೆಯದನ್ನು ತಂದು ಆ ವಾರಗಳನ್ನು ಖಾಲಿ ಮನೆಯಲ್ಲಿ ಕಳೆಯುವಂತೆ ಮಾಡುವುದು ಅದಕ್ಕೆ ಬಗೆಯುವ ಅನ್ಯಾಯ.

ಇನ್ನು ದೊಡ್ಡ ಮರಿ. ಮೊದಲ ಪ್ರಶ್ನೆ ಒಂದೇ: ಇದು ಇಷ್ಟು ದಿನ ನಿಮ್ಮಲ್ಲೇ ಯಾಕೆ ಉಳಿಯಿತು? ಒಳ್ಳೆಯ ಬ್ರೀಡರ್ ಈ ಪ್ರಶ್ನೆಗೆ ಕಾಯುತ್ತಿರುತ್ತಾರೆ, ತಡವರಿಸುವುದಿಲ್ಲ. ಬಹಳ ಸಲ ಕಾರಣ ನಿರಪಾಯಕರ. ಪ್ರದರ್ಶನಕ್ಕೆಂದು ಒಂದೇ ಸೂಲಿನ ಎರಡು ಚೆಂದದ ಮರಿಗಳನ್ನು ಉಳಿಸಿಕೊಂಡಿರುತ್ತಾರೆ. ಬೆಳೆಯುತ್ತ ಒಂದರ ದವಡೆ ಸ್ವಲ್ಪ ಮುಂದೆ ಬರುತ್ತದೆ, ಇಲ್ಲವೇ ನಿಲುವು ಕಡಿಮೆಯಾಗುತ್ತದೆ. ಪ್ರದರ್ಶನದ ಅಂಗಳಕ್ಕೆ ಅದು ಆಗದು, ನಿಮ್ಮ ಮನೆಯಂಗಳಕ್ಕೆ ಧಾರಾಳವಾಗಿ ಆಗುತ್ತದೆ. ಇಂಥ ಮರಿಯನ್ನು ಅವರು ಮುತುವರ್ಜಿಯಿಂದ ಬೆಳೆಸಿರುತ್ತಾರೆ, ಸಿಕ್ಕರೆ ಬಿಡಬೇಡಿ. ಗಂಡುಮರಿಯಾದರೆ ಎರಡೂ ಬೀಜಗಳು ಕೆಳಗಿಳಿದಿವೆಯೇ ಎಂದು ವೈದ್ಯರಿಂದ ನೋಡಿಸಿ. ಎರಡು ತಿಂಗಳ ಹೊತ್ತಿಗೆ ಇಳಿದಿರಬೇಕು. ಆರು ತಿಂಗಳಾದರೂ ಒಳಗೇ ಉಳಿದದ್ದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಬೇಕಾಗುತ್ತದೆ, ಬಿಟ್ಟರೆ ಮುಂದೆ ಗಡ್ಡೆಯಾಗುವ ಅಪಾಯ ಹೆಚ್ಚು. ಆ ಖರ್ಚನ್ನು ಬೆಲೆಯ ಮಾತಿನಲ್ಲಿ ಸೇರಿಸಿಕೊಳ್ಳಿ.

ಎರಡನೆಯ ಕಾರಣ, ಕೊಂಡವರು ಹಿಂದಿರುಗಿಸಿದ್ದು. ಯಾಕೆ ಎಂದು ಕೇಳಿ, ಸಾಧ್ಯವಾದರೆ ಆ ಮನೆಯವರ ಜೊತೆ ಮಾತಾಡಿ. ವರ್ಗವಾಯಿತು, ಮಗುವಾಯಿತು ಎಂದರೆ ಒಂದು ರೀತಿ. ಕಚ್ಚಿತು ಎಂದರೆ ಬೇರೆ ರೀತಿ. ಮೂರನೆಯದು, ಮಾರಾಟವಾಗದೆ ಉಳಿದದ್ದು. ಇಲ್ಲಿಯೇ ಎಚ್ಚರ ಬೇಕು, ಯಾಕೆಂದರೆ ಅರ್ಧ ಬೆಲೆಯ ಮರಿಗಳು ಹೆಚ್ಚಾಗಿ ಈ ಗುಂಪಿನವು. ಉಳಿದದ್ದೇ ತಪ್ಪಲ್ಲ. ಉಳಿದ ತಿಂಗಳುಗಳಲ್ಲಿ ಅದು ಎಲ್ಲಿ ಬದುಕಿತು ಎಂಬುದೇ ಪ್ರಶ್ನೆ.

ಬಾಣ ಈ ಗುಂಪಿನವನು. ನಮ್ಮ ಊರ ಕಡೆಯ ನಾಯಿ ಬೇಕೆಂಬುದು ನನ್ನ ಬಹುಕಾಲದ ಆಸೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಾಗ ಅತ್ತೆಯವರು ಅದನ್ನು ದೇವರ ಕೋಣೆಯ ಬಾಗಿಲಿಗೆ ಅಂಟಿಸಿದ್ದರು. ಮಹಾರಾಷ್ಟ್ರದವರು ಇದೇ ನಾಯಿಯನ್ನು ಕಾರವಾನಿ ಎಂದು ಕರೆಯುತ್ತಾರೆ. ಮಿರಜ್, ಅಥಣಿ, ಜಮಖಂಡಿ ಹಾದು ಮುಧೋಳ ಸೀಮೆಯ ಒಬ್ಬ ಖಾಸಗಿ ಸಾಕಣೆಗಾರರಲ್ಲಿಗೆ ಹೋದೆವು. ಹೊಲದ ನಡುವಿನ ಶೆಡ್ಡಿನಲ್ಲಿ ಬಾಣ ತಾಯಿ ಮತ್ತು ಅಣ್ಣನ ಜೊತೆ ಇದ್ದ. ಮೈ ಬಾಗಿಸಿದ ಬಿಲ್ಲಿನಂತೆ, ಕಣ್ಣು ಶಾಂತ. ರೋಗವಿಲ್ಲ, ಮೈಮೇಲೆ ಉಣ್ಣಿ ಹುಳವಿಲ್ಲ, ಲಸಿಕೆ ಎಲ್ಲ ಸರಿಯಾಗಿತ್ತು. ಕಚ್ಚುವುದಂತೂ ಇಲ್ಲವೇ ಇಲ್ಲ. ಕೈಯಿಂದ ರೊಟ್ಟಿ ಚೂರನ್ನು ತುಟಿಯಲ್ಲಿ ಎತ್ತಿಕೊಂಡ. ಚಿನ್ನುವಿನ ಹಲ್ಲು ಕಂಡ ಅತ್ತೆಯವರ ಕಣ್ಣಲ್ಲಿ ನೀರು ಬಂತು.

ನಾವು ಕೇಳದೇ ಬಿಟ್ಟದ್ದು ಒಂದೇ: ಈ ಮರಿ ಹೊಲದಾಚೆ ಏನನ್ನು ನೋಡಿದೆ? ಏನನ್ನೂ ನೋಡಿರಲಿಲ್ಲ. ಕೋಥರೂಡಿಗೆ ಬಂದವನು ಲಿಫ್ಟಿನ ಬಾಗಿಲು ಸರಿದದ್ದಕ್ಕೆ ನೆಲಕ್ಕೆ ಅಂಟಿಕೊಂಡು ಮೂತ್ರ ಮಾಡಿಕೊಂಡ. ಮೆಟ್ಟಿಲು ಹತ್ತುವುದು ಗೊತ್ತಿರಲಿಲ್ಲ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ. ಓಡುವುದಕ್ಕೆಂದೇ ಹುಟ್ಟಿದ ಜಾತಿ ಇದು, ಅಪರಿಚಿತರಿಗೆ ಸಹಜವಾಗಿಯೇ ಹಿಂಜರಿಯುತ್ತದೆ. ಆ ವಾರಗಳಲ್ಲಿ ಜನಸಂಪರ್ಕ ಇಲ್ಲದಿದ್ದರೆ ಹಿಂಜರಿಕೆ ಭಯವಾಗಿ ಗಟ್ಟಿಯಾಗುತ್ತದೆ. ಆಗಸ್ಟಿನಲ್ಲಿ ಗಣೇಶೋತ್ಸವಕ್ಕೆಂದು ನದಿಯ ದಂಡೆಯಲ್ಲಿ ಢೋಲ್ ತಾಶಾ ವಾದ್ಯಮೇಳದ ಅಭ್ಯಾಸ ಜೋರಾದಾಗ ಅವನು ಎರಡು ದಿನ ಊಟ ಬಿಟ್ಟ. ಸರಿಹೋಗಲು ಹನ್ನೊಂದು ತಿಂಗಳು ಬೇಕಾಯಿತು. ಅವನನ್ನು ತಂದದ್ದಕ್ಕೆ ಒಂದು ದಿನವೂ ಮರುಗಿಲ್ಲ. ತಯಾರಿಯಿಲ್ಲದೆ ತಂದದ್ದಕ್ಕೆ ಮರುಗಿದ್ದೇನೆ.

ಅದಕ್ಕೇ ಈಗ ಯಾರು ದೊಡ್ಡ ಮರಿ ನೋಡಲು ಹೊರಟರೂ ಅವರಿಗೆ ಅರ್ಧ ದಿನ ಇಟ್ಟುಕೊಂಡು ಹೋಗಿ ಎನ್ನುತ್ತೇನೆ. ಮರಿಯನ್ನು ಅದರ ಜೊತೆಯವುಗಳಿಂದ ಬೇರೆ ಮಾಡಿ, ಹಗ್ಗ ಕಟ್ಟಿ ಇಪ್ಪತ್ತು ನಿಮಿಷ ರಸ್ತೆಯ ಕಡೆ ನಡೆಸಿ. ಒಂಟಿಯಾದಾಗ ನಿಮ್ಮ ಕೈಯಿಂದ ತಿನ್ನುತ್ತದೆಯೇ? ಹದಿನೈದು ಅಡಿ ದೂರದಲ್ಲಿ ಯಾರಾದರೂ ಸ್ಟೀಲ್ ತಟ್ಟೆ ಬೀಳಿಸಲಿ. ಬೆಚ್ಚುವುದು ತಪ್ಪಲ್ಲ, ನಾವೂ ಬೆಚ್ಚುತ್ತೇವೆ. ಅರ್ಧ ನಿಮಿಷದಲ್ಲಿ ಚೇತರಿಸಿಕೊಂಡು ತಟ್ಟೆಯನ್ನು ಮೂಸಲು ಬಂದರೆ ಅಂಥ ಮರಿ ಯಾವ ನಗರದಲ್ಲೂ ಬಾಳುತ್ತದೆ. ಹತ್ತು ನಿಮಿಷವಾದರೂ ನಡುಗುತ್ತಿದ್ದರೆ, ನಿಮ್ಮ ಮನೆ ರಸ್ತೆಯ ಗದ್ದಲದಲ್ಲಿದ್ದರೆ, ಮನಸ್ಸು ಗಟ್ಟಿ ಮಾಡಿ ಬೇಡ ಎನ್ನಿ. ಅದು ಮಲಗುವ ಜಾಗವನ್ನೂ ನೋಡಿ. ಮಲಗಿದಲ್ಲೇ ಮಲಮೂತ್ರ ಮಾಡುವ ಅಭ್ಯಾಸ ಬಿದ್ದ ಮರಿಗೆ ಮನೆಯ ಶುಚಿ ಕಲಿಸುವುದು ಎಳೆಯ ಮರಿಗೆ ಕಲಿಸುವುದಕ್ಕಿಂತ ಕಷ್ಟ. ಬ್ರೀಡರ್ ಮನೆಯ ಒಳಗೇ ಬೆಳೆದು, ಟಿವಿ, ಮಿಕ್ಸರ್, ಮೊಮ್ಮಕ್ಕಳ ನಡುವೆ ಓಡಾಡಿಕೊಂಡಿರುವ ಐದು ತಿಂಗಳ ಮರಿ ಸಿಕ್ಕರೆ ಕೊಟ್ಟ ಬೆಲೆಗೆ ಎರಡರಷ್ಟು ಲಾಭ: ಲಸಿಕೆ ಮುಗಿದಿರುತ್ತದೆ, ನಾಲ್ಕೈದು ಗಂಟೆ ತಡೆಯುತ್ತದೆ, ಗುಣ ಏನೆಂದು ಮುಂಚೆಯೇ ಕಾಣುತ್ತದೆ. ಎಂಟು ವಾರದ ಮರಿಯಲ್ಲಿ ಗುಣವನ್ನು ಊಹಿಸಬಹುದಷ್ಟೇ. ಅದಕ್ಕೆ ತಾಯಿಯನ್ನು ನೋಡಿ, ತಾಯಿ ಮುಟ್ಟಿಸಿಕೊಳ್ಳದಿದ್ದರೆ ಮರಿಯ ಆಸೆ ಬಿಡಿ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ದೋಷ ವಂಶದಲ್ಲಿ ಬರುತ್ತದೆ. ಐದು ತಿಂಗಳ ಮರಿಯ ನಡಿಗೆಯಲ್ಲಿ, ಎಕ್ಸ್‌ರೇಯಲ್ಲಿ ತೀವ್ರ ದೋಷವಿದ್ದರೆ ಸುಳಿವು ಸಿಗಬಹುದು. ಎಳೆಯದರಲ್ಲಿ ಅಪ್ಪ ಅಮ್ಮನ ಎಕ್ಸ್‌ರೇ ಒಂದೇ ಆಧಾರ, ಅದನ್ನು ಕೇಳಿ.

ದೊಡ್ಡ ಮರಿ ತರುವವರಿಗೆ ಇನ್ನೊಂದು ಮಾತು. ಐದು ತಿಂಗಳಿಗೆ ಬಂದದ್ದು ಏಳೆಂಟು ತಿಂಗಳಿಗೆ ಹರೆಯಕ್ಕೆ ಬರುತ್ತದೆ. ಕರೆದರೆ ಕೇಳಿಸದಂತೆ ಇರುತ್ತದೆ. ನಮ್ಮ ಕೈಗೆ ಬಂದು ಕೆಟ್ಟಿತು ಎಂದುಕೊಳ್ಳಬೇಡಿ, ಎಲ್ಲ ನಾಯಿಗಳೂ ಹಾದುಹೋಗುವ ಕಾಲ ಅದು. ಆ ತಿಂಗಳುಗಳಲ್ಲಿ ಹಗ್ಗ ಬಿಚ್ಚಬೇಡಿ. ಪುಣೆಯ ವೇತಾಳ ಟೇಕಡಿ ಗುಡ್ಡದ ಮೇಲೆ ನವಿಲು ಕಂಡರೆ ಮುಧೋಳ ನಾಯಿಯನ್ನು ಹಿಂದೆ ಕರೆಯುವವರು ಇನ್ನೂ ಹುಟ್ಟಿಲ್ಲ.

ಯಾವ ಮನೆಗೆ ಯಾವುದು ಎಂದು ನನ್ನನ್ನು ಕೇಳಿದರೆ: ನಿವೃತ್ತರಾದ, ಬಗ್ಗಿ ಏಳುವ ಶಕ್ತಿಯಿರುವ ಗಂಡ ಹೆಂಡತಿಗೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಎರಡು ತಿಂಗಳ ಮರಿ. ಎಪ್ಪತ್ತೈದು ದಾಟಿದ ಹಿರಿಯರು, ನಡೆಯಲು ಕಲಿಯುತ್ತಿರುವ ಮಗು ಇರುವ ಮನೆಗೆ ಮನೆಯೊಳಗೆ ಬೆಳೆದ ದೊಡ್ಡ ಮರಿ. ಒಬ್ಬರು ಮಧ್ಯಾಹ್ನ ಬಂದು ಹೋಗಬಲ್ಲ ಕಚೇರಿಯವರಿಗೂ ಅದೇ. ಡೊಂಬಿವಲಿಯಲ್ಲಿರುವ ನನ್ನ ನಾದಿನಿ ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಅವಳಿಗೆ ಎರಡೂ ಬೇಡ ಎಂದೆ. ಒಂದು ವಾರ ಮುನಿಸಿಕೊಂಡಿದ್ದಳು.

ಒಂದೇ ಸೂಲಿನ ಎರಡು ಮರಿಗಳನ್ನು ಜೊತೆಯಾಗಿರಲಿ ಎಂದು ತರಬೇಡಿ. ಅವು ಒಂದನ್ನೊಂದು ನೆಚ್ಚಿಕೊಂಡು ನಿಮ್ಮತ್ತ ಮುಖ ತಿರುಗಿಸುವುದಿಲ್ಲ, ಬೇರೆ ಮಾಡಿದರೆ ಗೋಳಾಡುತ್ತವೆ.

ಕಾಲವನ್ನೂ ನೋಡಿ. ಫೆಬ್ರವರಿಯಲ್ಲಿ ಎರಡು ತಿಂಗಳ ಮರಿ ಬಂದರೆ ಮಳೆಗೆ ಮೊದಲೇ ಲಸಿಕೆ ಮುಗಿದು ರಸ್ತೆಗೆ ಇಳಿದಿರುತ್ತದೆ, ಢೋಲ್ ಸದ್ದು ಏಳುವ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಜೂನ್ ಜುಲೈಯಲ್ಲಿ ತಂದವರಿಗೆ ಒದ್ದೆ ನೆಲದಲ್ಲಿ ಶುಚಿ ಕಲಿಸುವ ಕಷ್ಟ. ದೀಪಾವಳಿಯ ಹಿಂದುಮುಂದಿನ ವಾರ ಯಾವ ವಯಸ್ಸಿನದನ್ನೂ ತರಬೇಡಿ.

ಆಯ್ಕೆಯಾದ ಮೇಲೆ ಬ್ರೀಡರ್‌ನಿಂದ ಬರಹದಲ್ಲಿ ಪಡೆಯಬೇಕಾದವು: ಹುಟ್ಟಿದ ದಿನ, ಮೈಕ್ರೋಚಿಪ್ ಸಂಖ್ಯೆ, ಸೀಸೆಯ ಚೀಟಿ ಮತ್ತು ವೈದ್ಯರ ಸಹಿ ಇರುವ ಲಸಿಕೆ ಪುಸ್ತಕ, ಜಂತುಹುಳುವಿನ ಔಷಧ ಕೊಟ್ಟ ದಿನಗಳು, ಈಗ ತಿನ್ನುವ ಆಹಾರದ ಹೆಸರು, ಮತ್ತು ಹತ್ತು ದಿನದೊಳಗೆ ವೈದ್ಯರು ದೋಷ ಕಂಡರೆ ಹಿಂದೆ ಪಡೆಯುವ ಮಾತು. ದೊಡ್ಡ ಮರಿಗೆ ಎರಡು ವಾರ ಕೇಳಿ, ಒಳ್ಳೆಯವರು ಒಪ್ಪುತ್ತಾರೆ. ಮರಿಯನ್ನು ತರುವ ಮೊದಲೇ ಮಹಾನಗರ ಪಾಲಿಕೆಯ ನಾಯಿ ಪರವಾನಗಿಗೆ ಏನೇನು ಬೇಕೆಂದು ವಿಚಾರಿಸಿಕೊಳ್ಳಿ. ಸೊಸೈಟಿಯವರು ಲಿಫ್ಟ್ ಬಳಸಬಾರದು ಎಂದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯ ಪ್ರತಿ ತೋರಿಸಿ, ದನಿ ಏರಿಸಬೇಡಿ. ಮುಂದಿನ ಹನ್ನೆರಡು ವರ್ಷ ಅದೇ ನೆರೆಹೊರೆಯಲ್ಲಿ ನಾಯಿ ಬಾಳಬೇಕು.

ಮನೆಗೆ ಬಂದ ಮೊದಲ ವಾರ ನೆಂಟರನ್ನು ಕರೆಯಬೇಡಿ. ಹಳೆಯ ಆಹಾರವನ್ನೇ ಕೊಟ್ಟು, ಹೊಸದನ್ನು ಏಳು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಬೆರೆಸಿ. ತಾಯಿ ಮಲಗಿದ್ದ ಚಿಂದಿ ಬಟ್ಟೆಯ ಒಂದು ತುಂಡನ್ನು ಕೇಳಿ ತನ್ನಿ. ಎಳೆಯ ಮರಿಯಾದರೆ ರಾತ್ರಿ ನಿಮ್ಮ ಮಂಚದ ಪಕ್ಕದಲ್ಲೇ ಪೆಟ್ಟಿಗೆಯಲ್ಲಿ ಆ ಬಟ್ಟೆಯ ಮೇಲೆ ಮಲಗಲಿ, ಕೈ ಇಳಿಬಿಟ್ಟರೆ ಮೂಗಿಗೆ ತಾಗುವಷ್ಟು ಹತ್ತಿರ. ದೊಡ್ಡ ಮರಿ ಮಂಚದ ಕೆಳಗೆ ಹೊಕ್ಕರೆ ಎಳೆಯಬೇಡಿ. ಆ ಹುಬ್ಬಳ್ಳಿಯ ಹುಡುಗ ಕೊನೆಗೆ ಐದು ತಿಂಗಳದ್ದನ್ನೇ ತಂದ, ತಟ್ಟೆ ಬೀಳಿಸಿ ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿನ ಮಹಡಿಯ ಅಜ್ಜಿಯೊಬ್ಬರಿಗೆ ಬೀಗದ ಕೈ ಕೊಟ್ಟಿದ್ದಾನೆ. ಅವರು ಬಂದು ಊಟ ಹಾಕಿ, ಅರ್ಧ ಗಂಟೆ ಅದರ ಜೊತೆ ಕುಳಿತು ಹೋಗುತ್ತಾರೆ.